ಆಲಿಸುವಿಕೆಯ ಪಾಠಕ್ಕೊಂದು ಆಲ್ಬಂ: ನಿಕಿ ಹಾಪ್ಕಿನ್ಸ್ ಅವರ ‘ದಿ ಟಿನ್ ಮ್ಯಾನ್ ವಾಸ್ ಎ ಡ್ರೀಮರ್’

ಭಾಷಾ ಕೌಶಲಗಳು ನಾಲ್ಕು, ಅವುಗಳಲ್ಲಿ ಮೊದಲನೆಯದು ಆಲಿಸುವಿಕೆ ಎಂದು ಪ್ರತಿ ವರ್ಷವೂ ನಾವು ಕಪ್ಪುಹಲಗೆಯ ಮೇಲೆ ಬರೆಯುತ್ತೇವೆ. ಪ್ರಶಿಕ್ಷಣಾರ್ಥಿಗಳು ಅದನ್ನು ಬರೆದುಕೊಳ್ಳುತ್ತಾರೆ. ಆಮೇಲೆ ಅವರ ಪಾಠ ಯೋಜನೆಗಳು ಸಹಿಗೆ ಬಂದಾಗ ‘ವಿದ್ಯಾರ್ಥಿಗಳ ಚಟುವಟಿಕೆ’ ಎಂಬ ಕಾಲಂನಲ್ಲಿ ಒಂದೇ ವಾಕ್ಯ ಮತ್ತೆ ಮತ್ತೆ ಕಾಣುತ್ತದೆ: ‘ವಿದ್ಯಾರ್ಥಿಗಳು ಗಮನವಿಟ್ಟು ಆಲಿಸುವರು.’ ಏನನ್ನು ಆಲಿಸುವರು, ಆಲಿಸಿದರೆಂದು ನಮಗೆ ಹೇಗೆ ತಿಳಿಯುತ್ತದೆ, ಆಲಿಸದವರನ್ನು ಆಲಿಸುವಂತೆ ಮಾಡಲು ಶಿಕ್ಷಕರು ಏನು ಮಾಡುವರು ಎಂಬ ಯಾವ ವಿವರವೂ ಅಲ್ಲಿರುವುದಿಲ್ಲ. ಓದುವಿಕೆಗೆ ಪಠ್ಯವಿದೆ, ಬರವಣಿಗೆಗೆ ನೋಟ್ ಪುಸ್ತಕವಿದೆ, ಮಾತಿಗೆ ಪ್ರಶ್ನೋತ್ತರವಿದೆ. ಆಲಿಸುವಿಕೆಗೆ ಮಾತ್ರ ಸುಮ್ಮನೆ ಕುಳಿತಿರುವುದೇ ಸಾಕ್ಷ್ಯವೆಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಸಹಿ ಹಾಕುತ್ತ ಬಂದವನು ನಾನೂ ಹೌದು.

ಈ ಕೊರತೆಯನ್ನು ತುಂಬಲು ಎರಡು ವರ್ಷ, ಎರಡು ಬೇರೆ ಬೇರೆ ತಂಡಗಳೊಂದಿಗೆ, ಒಂದು ಪ್ರಯೋಗ ಮಾಡಿದೆವು. ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಎಂಬ ಪತ್ರಿಕೆಯ ಚಟುವಟಿಕೆಯನ್ನು ಕನ್ನಡ ಬೋಧನಾ ಪದ್ಧತಿಯ ಅಭ್ಯಾಸ ಪಾಠದೊಂದಿಗೆ ಜೋಡಿಸಿ, ಒಂಬತ್ತನೆಯ ತರಗತಿಗೆ ನಲವತ್ತು ನಿಮಿಷದ ಒಂದು ಆಲಿಸುವಿಕೆಯ ಪಾಠ. ಅದಕ್ಕೆ ಆರಿಸಿಕೊಂಡ ವಸ್ತು ಇಂಗ್ಲೆಂಡಿನ ಪಿಯಾನೊ ವಾದಕ ನಿಕಿ ಹಾಪ್ಕಿನ್ಸ್ 1973ರಲ್ಲಿ ತನ್ನ ಹೆಸರಿನಲ್ಲಿ ಹೊರತಂದ, ಹೆಚ್ಚು ಜನ ಕೇಳದೆ ಹೋದ ಆಲ್ಬಂ. ಮೊದಲ ವರ್ಷದ ಪಾಠ ಕೆಟ್ಟಿತು. ಎರಡನೆಯದು ಕೆಡಲಿಲ್ಲ, ಆದರೆ ಅದನ್ನು ಮೌಲ್ಯಮಾಪನ ಮಾಡುವಾಗ ನಾನು ತಡವರಿಸಿದೆ. ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಕನ್ನಡದ ಪಾಠಕ್ಕೆ ಇಂಗ್ಲಿಷ್ ರಾಕ್ ಸಂಗೀತವೇಕೆ ಎಂದು ಶಾಲೆಯ ಮುಖ್ಯ ಶಿಕ್ಷಕರು ಕೇಳಿದರು. ನ್ಯಾಯವಾದ ಪ್ರಶ್ನೆ. ಮಕ್ಕಳಿಗೆ ಗೊತ್ತಿರುವ ಹಾಡನ್ನು ಕೇಳಿಸಿದರೆ ಅವರು ಕೇಳುವುದಿಲ್ಲ, ಹಾಡಲು ಶುರುಮಾಡುತ್ತಾರೆ. ಮಾತು ಅರ್ಥವಾದರೆ ಕಿವಿ ಮಾತಿನ ಹಿಂದೆಯೇ ಓಡುತ್ತದೆ. ಪರಿಚಯವಿಲ್ಲದ ಸಂಗೀತದಲ್ಲಿ ಎಲ್ಲ ಮಕ್ಕಳೂ ಒಂದೇ ಗೆರೆಯಲ್ಲಿ ನಿಂತಿರುತ್ತಾರೆ, ಜಾಣರು ದಡ್ಡರು ಎಂದು ನಾವು ಹಾಕಿಟ್ಟ ಸಾಲು ಅಲ್ಲಿ ನಡೆಯುವುದಿಲ್ಲ. ಚರ್ಚೆ, ಬರವಣಿಗೆ ಎಲ್ಲವೂ ಕನ್ನಡದಲ್ಲೇ ನಡೆಯುತ್ತವೆ. ಇಷ್ಟು ಹೇಳಿದ ಮೇಲೆ ಅವರು ಒಪ್ಪಿದರು, ‘ಸೌಂಡ್ ಮಾತ್ರ ಕಮ್ಮಿ ಇರಲಿ’ ಎಂಬ ಷರತ್ತಿನೊಂದಿಗೆ.

ಶಿಕ್ಷಕರಿಗೆ ಬೇಕಾದ ಹಿನ್ನೆಲೆ

ಪಾಠ ಮಾಡುವವರಿಗೆ ವಸ್ತು ಚೆನ್ನಾಗಿ ಗೊತ್ತಿರಬೇಕು. ಗೊತ್ತಿರುವುದನ್ನೆಲ್ಲ ಹೇಳಬೇಕಾಗಿಲ್ಲ ಎಂಬುದನ್ನು ಮುಂದೆ ನೋಡೋಣ.

ನಿಕಿ ಹಾಪ್ಕಿನ್ಸ್ ಹುಟ್ಟಿದ್ದು 1944ರ ಫೆಬ್ರವರಿ 24ರಂದು, ಲಂಡನ್ನಿನ ಪಶ್ಚಿಮಕ್ಕಿರುವ ಪೆರಿವೇಲ್‌ನಲ್ಲಿ. ಚಿಕ್ಕಂದಿನಿಂದಲೇ ಪಿಯಾನೊ, ನಂತರ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಶಾಸ್ತ್ರೀಯ ಶಿಕ್ಷಣ. ಹದಿನಾರನೆಯ ವಯಸ್ಸಿಗೆ ಅದನ್ನು ಬಿಟ್ಟು ರಾಕ್ ಅಂಡ್ ರೋಲ್ ತಂಡ ಸೇರಿದರು. 1963ರಲ್ಲಿ ಕರುಳಿನ ತೀವ್ರ ಕಾಯಿಲೆಗೆ ಆಸ್ಪತ್ರೆ ಸೇರಿ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿಯಬೇಕಾಯಿತು. ಕ್ರೋನ್ಸ್ ಎಂಬ ಈ ಕಾಯಿಲೆ ಜೀವಮಾನವಿಡೀ ಅವರನ್ನು ಬಿಡಲಿಲ್ಲ. ಊರೂರು ಅಲೆಯುವ ತಂಡದ ಬದುಕು ಆ ದೇಹಕ್ಕೆ ಒಗ್ಗುವಂತಿರಲಿಲ್ಲ. ಹೀಗಾಗಿ ಸ್ಟುಡಿಯೋ ಕೆಲಸ ಹಿಡಿದರು. ಕರೆದವರ ಹಾಡಿಗೆ ಹೋಗಿ ನುಡಿಸುವುದು, ಅವಧಿಯ ಲೆಕ್ಕದಲ್ಲಿ ಸಂಭಾವನೆ ಪಡೆಯುವುದು. ತಟ್ಟೆ ಎಷ್ಟು ಲಕ್ಷ ಮಾರಾಟವಾದರೂ ಇಂಥ ವಾದಕನಿಗೆ ಸಾಮಾನ್ಯವಾಗಿ ಆ ದಿನದ ಕೂಲಿ ಬಿಟ್ಟು ಬೇರೆ ಪಾಲಿಲ್ಲ. ಇವರನ್ನು ಸೆಷನ್ ವಾದಕರು ಎನ್ನುತ್ತಾರೆ.

ಅವರನ್ನು ಎಲ್ಲರೂ ಕರೆದದ್ದಕ್ಕೆ ಕಾರಣಗಳಿದ್ದವು. ಲಂಡನ್ನಿನ ರಾಕ್ ಹುಡುಗರಲ್ಲಿ ಅನೇಕರಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ, ಇವರಿಗೆ ಬರುತ್ತಿತ್ತು. ಶಾಸ್ತ್ರೀಯ ಪಿಯಾನೊದ ಬೆರಳಿನ ಶುದ್ಧಿ ಮತ್ತು ಅಮೆರಿಕದ ಬ್ಲೂಸಿನ ಒರಟು ಎರಡೂ ಒಂದೇ ಕೈಯಲ್ಲಿದ್ದವು. ರೋಲಿಂಗ್ ಸ್ಟೋನ್ಸ್ ತಂಡದ ಹಳೆಯ ಪಿಯಾನೊ ವಾದಕ ಇಯಾನ್ ಸ್ಟೀವರ್ಟ್‌ಗೆ ಮೈನರ್ ಸ್ವರಮೇಳಗಳೆಂದರೆ ಆಗುತ್ತಿರಲಿಲ್ಲ, ಅವು ಬಂದಲ್ಲಿ ಕೈ ಎತ್ತಿಬಿಡುತ್ತಿದ್ದರು ಎಂಬುದು ಪ್ರಸಿದ್ಧ ಸಂಗತಿ. ಅಂಥ ವಿಷಾದದ ಹಾಡುಗಳಿಗೆ ಹಾಪ್ಕಿನ್ಸ್ ಬೇಕಾಗುತ್ತಿದ್ದರು. 1967ರ ‘ಶೀಸ್ ಎ ರೇನ್‌ಬೋ’ ಹಾಡಿನ ಪಿಯಾನೊ ಅವರದು. 1968ರ ‘ಸಿಂಪಥಿ ಫಾರ್ ದಿ ಡೆವಿಲ್’, 1973ರ ‘ಆಂಜಿ’ ಅವರವು. ಬೀಟಲ್ಸ್‌ನ ‘ರೆವಲ್ಯೂಷನ್’ ಸಿಂಗಲ್‌ನಲ್ಲಿ ಬರುವ ವಿದ್ಯುತ್ ಪಿಯಾನೊ, ಜಾನ್ ಲೆನ್ನನ್‌ರ 1971ರ ‘ಜೆಲಸ್ ಗೈ’, ಜೋ ಕಾಕರ್ ಹಾಡಿದ ‘ಯೂ ಆರ್ ಸೋ ಬ್ಯೂಟಿಫುಲ್’ ಎಲ್ಲದರಲ್ಲೂ ಅದೇ ಬೆರಳುಗಳು. 1969ರ ವುಡ್‌ಸ್ಟಾಕ್ ಉತ್ಸವದಲ್ಲಿ ಜೆಫರ್ಸನ್ ಏರ್‌ಪ್ಲೇನ್ ತಂಡದ ಜೊತೆ ವೇದಿಕೆಯ ಮೇಲೂ ಇದ್ದರು. ಕಿಂಕ್ಸ್ ತಂಡ 1966ರಲ್ಲಿ ‘ಸೆಷನ್ ಮ್ಯಾನ್’ ಎಂಬ ಅಣಕದ ಹಾಡು ಮಾಡಿತು. ಅದು ಇವರನ್ನೇ ಕುರಿತದ್ದೆಂದು ಹೇಳುತ್ತಾರೆ. ಅದರ ಆರಂಭದ ಹಾರ್ಪ್ಸಿಕಾರ್ಡ್ ನುಡಿಸಿಕೊಟ್ಟವರೂ ಇವರೇ! ತನ್ನ ಮೇಲಿನ ಅಣಕಕ್ಕೂ ಕೂಲಿಗೆ ಹೋಗಿ ನುಡಿಸಿ ಬಂದ ಮನುಷ್ಯ.

ಇಂಥವರು 1973ರಲ್ಲಿ ಕೊಲಂಬಿಯಾ ಕಂಪನಿಯಿಂದ ‘ದಿ ಟಿನ್ ಮ್ಯಾನ್ ವಾಸ್ ಎ ಡ್ರೀಮರ್’ ಎಂಬ ತನ್ನ ಆಲ್ಬಂ ತಂದರು. ತಗಡಿನ ಮನುಷ್ಯನೂ ಕನಸುಗಾರನಾಗಿದ್ದ ಎಂದು ಅರ್ಥ. ಎಲ್. ಫ್ರಾಂಕ್ ಬಾಮ್ 1900ರಲ್ಲಿ ಬರೆದ ಮಕ್ಕಳ ಕಥೆಯಲ್ಲಿ ತನಗೊಂದು ಹೃದಯ ಬೇಕೆಂದು ಹೊರಡುವ ತಗಡಿನ ಮರಕಡಿಯುವವ ಓದಿದವರಿಗೆ ನೆನಪಾಗದೆ ಇರುವುದಿಲ್ಲ. ಒಟ್ಟು ಹತ್ತು ಹಾಡುಗಳು. ಜೊತೆಗೆ ನುಡಿಸಲು ಬಂದವರ ಪಟ್ಟಿ ನೋಡಿದರೆ ಇದು ಯಾರ ಆಲ್ಬಂ ಎಂದು ಗೊಂದಲವಾಗಬೇಕು: ಆಗ ರೋಲಿಂಗ್ ಸ್ಟೋನ್ಸ್‌ನಲ್ಲಿದ್ದ ಗಿಟಾರ್ ವಾದಕ ಮಿಕ್ ಟೇಲರ್, ಬೀಟಲ್ಸ್‌ನ ‘ರಿವಾಲ್ವರ್’ ಆಲ್ಬಮ್ಮಿನ ಹೊದಿಕೆ ಚಿತ್ರ ಬರೆದ ಬಾಸ್ ವಾದಕ ಕ್ಲಾಸ್ ವೋರ್ಮನ್, ಟೆಕ್ಸಾಸಿನ ಸ್ಯಾಕ್ಸೊಫೋನ್ ವಾದಕ ಬಾಬಿ ಕೀಸ್, ಮತ್ತು ಕೆಲವು ಹಾಡುಗಳಲ್ಲಿ ‘ಜಾರ್ಜ್ ಓಹಾರಾ’ ಎಂಬ ಮರೆಹೆಸರಿನಲ್ಲಿ ಜಾರ್ಜ್ ಹ್ಯಾರಿಸನ್. ಅಂದರೆ ಜಗತ್ತಿನಲ್ಲೇ ಅತಿ ಪ್ರಸಿದ್ಧರಾದವರಲ್ಲಿ ಒಬ್ಬರು ಹೆಸರು ಮುಚ್ಚಿಕೊಂಡು ಪಕ್ಕದಲ್ಲಿ ಕುಳಿತರು, ಜೀವನವಿಡೀ ಪಕ್ಕದಲ್ಲಿ ಕುಳಿತವರು ನಡುವೆ ಬಂದರು. ‘ಎಡ್ವರ್ಡ್’ ಎಂಬುದು ಹಾಪ್ಕಿನ್ಸ್‌ರ ಅಡ್ಡಹೆಸರು. ಶ್ರುತಿ ಮಾಡುವಾಗ ‘ಇ’ ಸ್ವರ ಕೇಳಿದ ಗದ್ದಲದಲ್ಲಿ ಹುಟ್ಟಿದ ಹೆಸರೆಂಬ ಕಥೆಯಿದೆ. ಕ್ವಿಕ್‌ಸಿಲ್ವರ್ ಮೆಸೆಂಜರ್ ಸರ್ವಿಸ್ ಎಂಬ ಕ್ಯಾಲಿಫೋರ್ನಿಯಾದ ತಂಡದಲ್ಲಿದ್ದಾಗ ಈ ಹೆಸರಿನ ಮೇಲೆಯೇ ಒಂದು ದೀರ್ಘ ವಾದ್ಯರಚನೆ ಮಾಡಿದ್ದರು. ಈ ಆಲ್ಬಮ್ಮಿನ ‘ಎಡ್ವರ್ಡ್’ ಅದರ ಹೊಸ ರೂಪ, ಮಾತಿಲ್ಲದ್ದು. ಇನ್ನೊಂದು ಹಾಡಿನ ಹೆಸರು ‘ವೇಟಿಂಗ್ ಫಾರ್ ದಿ ಬ್ಯಾಂಡ್’. ತಂಡಕ್ಕಾಗಿ ಕಾಯುವುದು ಸೆಷನ್ ವಾದಕನ ನಿತ್ಯದ ಕೆಲಸವೇ ಅಲ್ಲವೇ!

ಆಲ್ಬಂ ಹೆಚ್ಚು ಮಾರಾಟವಾಗಲಿಲ್ಲ. ಅದೇ 1973ರಲ್ಲಿ ‘ಆಂಜಿ’ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. 1975ರಲ್ಲಿ ‘ನೋ ಮೋರ್ ಚೇಂಜಸ್’ ಎಂಬ ಮತ್ತೊಂದು ಆಲ್ಬಂ ತಂದು, ಮುಂದೆಯೂ ಬಹುಮಟ್ಟಿಗೆ ಇತರರಿಗಾಗಿ ನುಡಿಸುತ್ತ, 1994ರ ಸೆಪ್ಟೆಂಬರ್ 6ರಂದು ನ್ಯಾಶ್‌ವಿಲ್‌ನಲ್ಲಿ ಐವತ್ತನೆಯ ವಯಸ್ಸಿಗೆ ತೀರಿಕೊಂಡರು.

ಆಲ್ಬಂ ಹೇಗಿದೆ? ಪಾಠ ಮಾಡುವವರು ಈ ಪ್ರಶ್ನೆಗೆ ತಮ್ಮ ಉತ್ತರ ಇಟ್ಟುಕೊಂಡಿರಬೇಕು. ನನ್ನ ಉತ್ತರ ಇದು. ಪಿಯಾನೊ ಎಲ್ಲಿದೆಯೋ ಅಲ್ಲೆಲ್ಲ ಬೆಳಕಿದೆ. ‘ಎಡ್ವರ್ಡ್’ ನುಡಿಸುವ ಸಂತೋಷವನ್ನು ಕೇಳುವವನಿಗೂ ದಾಟಿಸುತ್ತದೆ. ‘ಡಾಲಿ’, ‘ದಿ ಡ್ರೀಮರ್’ನಂಥ ನಿಧಾನದ ಹಾಡುಗಳಲ್ಲಿ ಒಂದು ನಾಚಿಕೆಯ ಚೆಲುವಿದೆ. ಆದರೆ ಅವರ ಕಂಠ ತೆಳ್ಳಗಿನದು, ಹಾಡನ್ನು ಹೊತ್ತು ನಡೆಯುವ ಕಂಠವಲ್ಲ. ರಭಸದ ಹಾಡುಗಳಲ್ಲಿ ಕೆಲವು ಆ ಕಾಲದ ಯಾವ ತಂಡವೂ ಮಾಡಬಹುದಾಗಿದ್ದಂಥವು. ಹತ್ತರಲ್ಲಿ ಐದು ಹಾಡುಗಳನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ, ಉಳಿದವನ್ನು ಪಾಠಕ್ಕಾಗಿ ಕೇಳಿದೆ. ಕಡೆಗಣಿಸಲ್ಪಟ್ಟ ಮಾತ್ರಕ್ಕೆ ಒಂದು ಕೃತಿ ಶ್ರೇಷ್ಠವಾಗುವುದಿಲ್ಲ. ಮೊದಲ ವರ್ಷ ನಾವು ಎಡವಿದ್ದು ಇಲ್ಲಿಯೇ.

ಮೊದಲ ಪಾಠ

ಆ ವರ್ಷದ ಪ್ರಶಿಕ್ಷಣಾರ್ಥಿ ಮಾತುಗಾರ. ಪಾಠ ಯೋಜನೆಯ ಪೀಠಿಕೆಯನ್ನು ಕಥೆಯಂತೆ ಬರೆದಿದ್ದರು: ಬಡಕಲು ಹುಡುಗ, ಆಸ್ಪತ್ರೆಯ ಹಾಸಿಗೆ, ದೊಡ್ಡವರ ನೆರಳು, ಯಾರೂ ಕೊಳ್ಳದ ತಟ್ಟೆ, ಐವತ್ತಕ್ಕೆ ಸಾವು. ಕೊನೆಯಲ್ಲಿ ‘ಎಲೆಮರೆಯ ಕಾಯಿ’ ಎಂಬ ನುಡಿಗಟ್ಟು, ಅದಕ್ಕೆ ಬಣ್ಣದ ಚೌಕ. ಓದಿ ನನಗೂ ಹಿಡಿಸಿತು, ಸಹಿ ಹಾಕಿದೆ. ತಪ್ಪಿನಲ್ಲಿ ನನ್ನ ಪಾಲು ದೊಡ್ಡದು.

ಹನ್ನೆರಡು ನಿಮಿಷ ಕಥೆ ಹೇಳಿ, ಆಮೇಲೆ ‘ಡಾಲಿ’ ಹಾಡು ಕೇಳಿಸಿ, ಹೇಗಿತ್ತು ಎಂದು ಕೇಳಿದರು. ‘ತುಂಬಾ ಚೆನ್ನಾಗಿತ್ತು ಸರ್’ ಎಂದು ಇಡೀ ತರಗತಿ ಒಟ್ಟಿಗೆ ಹೇಳಿತು. ಏನು ಚೆನ್ನಾಗಿತ್ತು? ಮೌನ. ಮುಂದಿನ ಸಾಲಿನ ಹುಡುಗಿಯೊಬ್ಬಳು ‘ಪಾಪ ಸರ್’ ಎಂದಳು. ಹಾಡಿನಲ್ಲಿ ಯಾವ ಯಾವ ವಾದ್ಯಗಳಿದ್ದವು ಎಂದರೆ ಮೂವರು ಹೇಳಿದರು, ಅದೂ ಊಹೆ. ಮಕ್ಕಳು ಹಾಡನ್ನು ಕೇಳಿಯೇ ಇರಲಿಲ್ಲ. ಕನಿಕರವೇ ಸರಿಯುತ್ತರ ಎಂದು ಅವರಿಗೆ ಮೊದಲೇ ತಿಳಿಸಿಬಿಟ್ಟಿದ್ದೆವು. ಶಿಕ್ಷಕರಿಗೆ ಏನು ಬೇಕೋ ಅದನ್ನು ಕೊಡುವುದರಲ್ಲಿ ಒಂಬತ್ತನೆಯ ತರಗತಿಯವರು ನುರಿತವರು.

ಮತ್ತೊಂದು ತಪ್ಪನ್ನೂ ಹೇಳಬೇಕು. ‘ಇವರು ನಮ್ಮ ಪಕ್ಕವಾದ್ಯದವರ ಹಾಗೆ’ ಎಂದು ಪ್ರಶಿಕ್ಷಣಾರ್ಥಿ ವಿವರಿಸಿದರು. ತಿಳಿದದ್ದರಿಂದ ತಿಳಿಯದ್ದರ ಕಡೆಗೆ ಎಂಬ ಸೂತ್ರಕ್ಕೆ ಅದು ಸರಿಯೇ. ಆದರೆ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನು ಹೇಳದೆ ಬಿಟ್ಟರೆ ಅದು ತಪ್ಪು ತಿಳಿವಳಿಕೆಯಾಗುತ್ತದೆ. ಕಚೇರಿಯಲ್ಲಿ ಪಕ್ಕವಾದ್ಯದವರು ಕಣ್ಣೆದುರು ಕುಳಿತಿರುತ್ತಾರೆ, ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರಿರುತ್ತದೆ, ಮೃದಂಗಕ್ಕೆ ತನಿ ಆವರ್ತನ ಸಲ್ಲಲೇಬೇಕು. ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಹಿಂದಿನವರಿಗೂ ಪಿಟೀಲು ಕೇಳಲೆಂದು ಏಳು ತಂತಿಯ ವಾದ್ಯ ಮಾಡಿಕೊಂಡ ಮೈಸೂರು ಟಿ. ಚೌಡಯ್ಯನವರು ಪಕ್ಕವಾದ್ಯದಿಂದಲೇ ಮನೆಮಾತಾದವರು. ಸೆಷನ್ ವಾದಕ ಕಾಣುವುದಿಲ್ಲ, ಅನೇಕ ಸಲ ಹೊದಿಕೆಯ ಮೇಲೆ ಹೆಸರೂ ಇರುವುದಿಲ್ಲ. ನಮ್ಮಲ್ಲಿ ಅವನಿಗೆ ಹತ್ತಿರದವರು ಸಿನಿಮಾ ಹಾಡಿನ ಸಾಲುಗಳ ನಡುವೆ ಕೊಳಲನ್ನೋ ಮ್ಯಾಂಡೊಲಿನ್ನನ್ನೋ ನುಡಿಸಿದವರು. ಈ ಹೋಲಿಕೆಯನ್ನು ಎರಡನೆಯ ಪಾಠದಲ್ಲಿ ಮನೆಕೆಲಸಕ್ಕೆ ಬಳಸಿಕೊಂಡೆವು.

ಎರಡನೆಯ ಪಾಠ

ಮುಂದಿನ ವರ್ಷ ಪಾಠ ವಹಿಸಿಕೊಂಡವರು ಆ ತಂಡದಲ್ಲಿ ಎಲ್ಲರಿಗೂ ಚಾರ್ಟು ಬರೆದುಕೊಡುತ್ತಿದ್ದ ಪ್ರಶಿಕ್ಷಣಾರ್ಥಿ. ಪ್ರತಿ ತಂಡದಲ್ಲೂ ಅಂಥ ಒಬ್ಬರು ಇರುತ್ತಾರೆ. ವಿಜ್ಞಾನದವರ ಹೃದಯದ ಚಿತ್ರ, ಸಮಾಜದವರ ನಕ್ಷೆ, ಗಣಿತದವರ ರಟ್ಟಿನ ಘನಾಕೃತಿ ಎಲ್ಲ ಅವರ ಕೈಯದು, ಅಂಕ ಬೇರೆಯವರದು. ಅವರ ಸ್ವಂತ ಪಾಠಗಳಿಗೆ ಬರುತ್ತಿದ್ದ ಷರಾ ಸದಾ ಒಂದೇ: ‘ಧ್ವನಿ ಸಾಲದು.’ ಈ ಪಾಠ ನೀವೇ ಮಾಡಿ ಎಂದಾಗ ‘ನನ್ನಿಂದ ಆಗಲ್ಲ ಸರ್, ಬೇಕಿದ್ರೆ ಟಿಎಲ್‌ಎಂ ಮಾಡಿಕೊಡ್ತೀನಿ’ ಎಂದರು. ಟಿಎಲ್‌ಎಂ ಬೇಕಾಗಿಯೇ ಇಲ್ಲ, ಒಂದು ಮೊಬೈಲು, ಒಂದು ಸ್ಪೀಕರು ಸಾಕು ಎಂದೆ.

ಯೋಜನೆಯನ್ನು ತಲೆಕೆಳಗು ಮಾಡಿದೆವು. ವ್ಯಕ್ತಿ ಪರಿಚಯ ಕೊನೆಗೆ ಹೋಯಿತು. ಉದ್ದೇಶಗಳು ಎರಡೇ: ಹಲವು ಧ್ವನಿಗಳ ನಡುವೆ ಒಂದನ್ನು ಬೇರ್ಪಡಿಸಿ ಕೇಳುವುದು, ಮತ್ತು ಕೇಳಿದ್ದನ್ನು ಆಧಾರವಾಗಿಟ್ಟುಕೊಂಡು ಅಭಿಪ್ರಾಯ ಹೇಳುವುದು. ‘ಮೆಚ್ಚುವರು’ ಎಂಬ ಕ್ರಿಯಾಪದವನ್ನು ಉದ್ದೇಶಗಳಿಂದ ಹೊಡೆದುಹಾಕಿದೆವು. ಮೆಚ್ಚದಿರುವ ಹಕ್ಕು ಮಕ್ಕಳಿಗೆ ಇರಬೇಕು. ‘ಸಿಂಪಥಿ ಫಾರ್ ದಿ ಡೆವಿಲ್’ ಬಳಸಲಿಲ್ಲ. ಅದರ ಮಾತುಗಳನ್ನು ವಿವರಿಸುವುದರಲ್ಲೇ ಅವಧಿ ಮುಗಿದುಹೋಗುತ್ತದೆ.

ಸ್ಪೀಕರನ್ನು ಮೇಜಿನ ಮೇಲಿಡದೆ ತರಗತಿಯ ನಡುವಿನ ಬೆಂಚಿನ ಮೇಲೆ ಇಟ್ಟರು. ಚಿಕ್ಕ ಸಂಗತಿ, ಆದರೆ ಇದರಿಂದ ಹಿಂದಿನ ಬೆಂಚು ಹಿಂದಿನದಾಗಿ ಉಳಿಯುವುದಿಲ್ಲ. ಫ್ಯಾನು ನಿಲ್ಲಿಸಿದರು. ಪಕ್ಕದ ಕೋಣೆಯ ಪದ್ಯದ ಸಾಮೂಹಿಕ ವಾಚನವನ್ನು ನಿಲ್ಲಿಸುವುದು ನಮ್ಮ ಕೈಲಿರಲಿಲ್ಲ.

ಯಾವ ಮುನ್ನುಡಿಯೂ ಇಲ್ಲದೆ ‘ಶೀಸ್ ಎ ರೇನ್‌ಬೋ’ ಹಾಡಿನ ಒಂದೂವರೆ ನಿಮಿಷ ಕೇಳಿಸಿದರು. ಏನೇನು ಕೇಳಿಸಿತು? ‘ಡ್ರಮ್ಸು’, ‘ಹಾಡೋರು’, ‘ಕ್ಯಾಸಿಯೊ ಮಿಸ್’, ‘ಐಸ್‌ಕ್ರೀಂ ಗಾಡಿ ಥರ ಒಂದು ಬರ್ತದೆ’. ಕ್ಯಾಸಿಯೊ ಎಂದದ್ದನ್ನು ತಿದ್ದದೆ ಹಲಗೆಯ ಮೇಲೆ ಹಾಗೆಯೇ ಬರೆದರು. ಐಸ್‌ಕ್ರೀಂ ಗಾಡಿಯನ್ನೂ ಬರೆದರು. ಎರಡೂ ಒಂದೇ ವಾದ್ಯವೋ ಬೇರೆಯೋ ಎಂದು ಕೇಳಿ ಮತ್ತೊಮ್ಮೆ ಹಾಕಿದರು. ಒಂದೇ ಎಂದು ಮಕ್ಕಳೇ ನಿರ್ಧರಿಸಿದ ಮೇಲೆ ಪಿಯಾನೊ ಎಂಬ ಹೆಸರು ಕೊಟ್ಟರು, ಅದರೊಳಗೆ ತಂತಿಗಳಿವೆ, ಕೀಲಿ ಒತ್ತಿದರೆ ಉಣ್ಣೆಯ ಹೊದಿಕೆಯ ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ ಎಂದು ಎರಡು ವಾಕ್ಯದಲ್ಲಿ ಹೇಳಿದರು. ಹೆಸರಿಗಿಂತ ಮೊದಲು ಅನುಭವ ಎಂದು ನಾವು ಎಷ್ಟು ಸಲ ಉಪನ್ಯಾಸ ಮಾಡಿಲ್ಲ!

ಮೂರನೆಯ ಸಲ ಕಣ್ಣು ಮುಚ್ಚಿ ಕೇಳಬೇಕು, ಪಿಯಾನೊ ಬಂದಾಗ ಕೈ ಎತ್ತಬೇಕು, ನಿಂತಾಗ ಇಳಿಸಬೇಕು. ಆಲಿಸುವಿಕೆಯನ್ನು ಕಣ್ಣಿಗೆ ಕಾಣಿಸುವ ಉಪಾಯ ಇದೊಂದೇ ನನಗೆ ಗೊತ್ತಿರುವುದು. ಕಣ್ಣು ಮುಚ್ಚಿರುವುದರಿಂದ ಪಕ್ಕದವರನ್ನು ನೋಡಿ ಎತ್ತುವಂತಿಲ್ಲ. ಆರಂಭದಲ್ಲಿ ಎಲ್ಲ ಕೈಗಳೂ ಮೇಲೆ. ಹಾಡುವವರ ದನಿ ಬಂದೊಡನೆ ಬಹುಪಾಲು ಕೈಗಳು ಇಳಿದವು. ಕೊನೆಯ ಬೆಂಚಿನ ಒಬ್ಬ ಹುಡುಗನದು ಮಾತ್ರ ಎತ್ತಿದ್ದು ಎತ್ತಿದಂತೆಯೇ ಇತ್ತು. ತರಗತಿಯಲ್ಲಿ ಅವನ ಹೆಸರು ಏನಿತ್ತೆಂದು ಊಹಿಸಬಹುದು. ಅವನು ತಮಾಷೆ ಮಾಡುತ್ತಿದ್ದಾನೆಂದು ನಾನು ಅವಲೋಕನ ಪುಸ್ತಕದಲ್ಲಿ ‘ತರಗತಿ ನಿಯಂತ್ರಣ’ದ ಎದುರು ಏನೋ ಬರೆಯಲು ಹೊರಟಿದ್ದೆ. ಪ್ರಶಿಕ್ಷಣಾರ್ಥಿ ಅವನ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು, ‘ಇನ್ನೂ ಇದೆಯಾ?’

‘ನಿಂತೇ ಇಲ್ಲ ಮಿಸ್,’ ಎಂದ. ‘ಕೆಳಗೆ ಹೋಗಿದೆ ಅಷ್ಟೆ.’

ಮತ್ತೆ ಹಾಕಿದರು. ಈ ಸಲ ಇಡೀ ತರಗತಿ ಕೆಳಗೆ ಹೋದ ಪಿಯಾನೊವನ್ನು ಹುಡುಕಿತು. ಹುಡುಗ ಹೇಳಿದ್ದು ನಿಜ. ಹಾಡುವವರು ಹಾಡುವಾಗಲೂ ಅದು ಅಡಿಯಲ್ಲಿ ಸ್ವರಮೇಳ ಹಿಡಿದು ನಡೆಯುತ್ತಲೇ ಇರುತ್ತದೆ. ನಾನು ಆ ಹಾಡನ್ನು ನೂರು ಸಲ ಕೇಳಿದ್ದೇನೆ, ಕೈ ಎತ್ತಿ ಕೇಳಿರಲಿಲ್ಲ.

ಇಲ್ಲಿಂದ ಆಲ್ಬಮ್ಮಿಗೆ ಹೋದರು. ‘ಇದೇ ಪಿಯಾನೊ ನುಡಿಸಿದವರು ತಮ್ಮದೇ ಒಂದು ಆಲ್ಬಂ ಮಾಡಿದರು. ಅದರಲ್ಲಿ ಪಿಯಾನೊ ಎಲ್ಲಿರುತ್ತದೆ ಅಂತ ನಿಮಗನ್ನಿಸುತ್ತದೆ?’ ಮುಂದೆ ಇರುತ್ತದೆ ಎಂದು ಎಲ್ಲರೂ. ‘ಎಡ್ವರ್ಡ್’ನ ಎರಡು ನಿಮಿಷ ಕೇಳಿಸಿದರು. ಹೌದು, ಮುಂದೆ ಇದೆ. ಆದರೆ ಸ್ವಲ್ಪ ಹೊತ್ತಿಗೆ ಒಬ್ಬಳು ಎದ್ದು, ಗಿಟಾರಿನವರಿಗೂ ಜಾಗ ಕೊಟ್ಟಿದ್ದಾರಲ್ಲ ಎಂದಳು. ತನ್ನದೇ ಮನೆಯಲ್ಲೂ ಬಂದವರನ್ನು ಮೇಲೆ ಕೂರಿಸುವ ಅಭ್ಯಾಸ. ಈ ವಾಕ್ಯ ನನ್ನದು, ಪ್ರಶಿಕ್ಷಣಾರ್ಥಿ ಹಾಗೇನೂ ಹೇಳಲಿಲ್ಲ. ‘ಎಷ್ಟು ಸಲ ಕೊಟ್ಟರು, ಎಣಿಸೋಣ’ ಎಂದರು ಅಷ್ಟೆ.

ಆಮೇಲೆ ‘ಡಾಲಿ’. ಇದರಲ್ಲಿ ಅವರೇ ಹಾಡಿದ್ದಾರೆ ಎಂದು ಹೇಳಿ, ಒಂದೇ ಪ್ರಶ್ನೆ: ನಿಮಗೆ ಅವಕಾಶ ಕೊಟ್ಟರೆ ಏನನ್ನು ಬದಲಾಯಿಸುತ್ತೀರಿ? ಇದು ಮುಕ್ತ ಪ್ರಶ್ನೆ, ಆದರೆ ಕೇಳದೆ ಉತ್ತರಿಸಲಾಗದ ಪ್ರಶ್ನೆ. ಒಬ್ಬ ಹುಡುಗ, ‘ಹಾಡೋರು ಬೇರೆ ಇದ್ದಿದ್ರೆ ಚೆನ್ನಾಗಿತ್ತು ಮಿಸ್. ಇವರ ದನಿ ಸಣ್ಣಗಿದೆ’ ಎಂದ. ನಾಲ್ಕೈದು ತಲೆಗಳು ಅಲ್ಲಾಡಿದವು. ಕಿಟಕಿಯ ಪಕ್ಕದ ಹುಡುಗಿ, ‘ದೊಡ್ಡ ದನಿ ಇದ್ದಿದ್ರೆ ಪಿಯಾನೊ ಮುಚ್ಚಿಹೋಗ್ತಿತ್ತು. ಆ ಹಾಡಲ್ಲಿ ಕೆಳಗೆ ಹೋಗಿತ್ತಲ್ಲ, ಹಾಗೆ’ ಎಂದಳು. ಹುಡುಗ ಸುಮ್ಮನಾಗಲಿಲ್ಲ. ‘ಹಂಗಾದ್ರೆ ಹಾಡೋದೇ ಬೇಡ, ಬರೀ ನುಡಿಸ್ಲಿ.’ ಅವಳು, ‘ಅವರಿಗೂ ಹಾಡಬೇಕು ಅನ್ಸಿರಬಹುದು.’

ಅವಲೋಕಿಸುತ್ತಿದ್ದ ಸಹಪಾಠಿಗಳಲ್ಲಿ ಒಬ್ಬರು, ಪ್ರಶಿಕ್ಷಣಾರ್ಥಿ ಇಲ್ಲಿ ತೀರ್ಪು ಕೊಡಬೇಕಿತ್ತು, ಚರ್ಚೆಯನ್ನು ಕ್ರೋಡೀಕರಿಸಲಿಲ್ಲ ಎಂದು ಬರೆದರು. ನಾನು ಒಪ್ಪುವುದಿಲ್ಲ. ಆ ಎರಡು ವಾದಗಳೂ ಕೇಳಿದ್ದರ ಮೇಲೆ ನಿಂತಿದ್ದವು, ಎರಡಕ್ಕೂ ಹಾಡಿನಲ್ಲಿ ಆಧಾರವಿತ್ತು. ವಿಮರ್ಶಾತ್ಮಕ ಚಿಂತನೆ ಎಂದು ನಾವು ಯೋಜನೆಗಳಲ್ಲಿ ಬರೆಯುವುದು ತರಗತಿಯಲ್ಲಿ ಕಂಡರೆ ಹೀಗೆಯೇ ಕಾಣಬೇಕು. ಶಿಕ್ಷಕರು ಅದರ ಮೇಲೆ ಬಿದ್ದು ಸಾರಾಂಶ ಮಾಡಿದರೆ ಇಬ್ಬರ ಬಾಯನ್ನೂ ಮುಚ್ಚಿದಂತೆ.

ಕೊನೆಯ ಆರು ನಿಮಿಷ ವ್ಯಕ್ತಿಯ ಬಗ್ಗೆ. ಹಲಗೆಯ ಮೇಲೆ 1973 ಎಂದು ಬರೆದು ಕೆಳಗೆ ಎರಡು ಕಾಲಂ: ಒಂದರಲ್ಲಿ ‘ಆಂಜಿ’, ಅಮೆರಿಕದಲ್ಲಿ ಮೊದಲ ಸ್ಥಾನ, ಇನ್ನೊಂದರಲ್ಲಿ ಈ ಆಲ್ಬಂ, ಹೆಚ್ಚು ಜನ ಕೊಳ್ಳಲಿಲ್ಲ. ಎರಡರಲ್ಲೂ ಪಿಯಾನೊ ಒಬ್ಬರದೇ. ಯಾಕೆ ಹೀಗಾಗಿರಬಹುದು ಎಂದು ಕೇಳಿದರು. ಕಾಯಿಲೆ, ಕೂಲಿಯ ವ್ಯವಸ್ಥೆ ಇವುಗಳನ್ನು ಮಕ್ಕಳು ಪ್ರಶ್ನೆ ಕೇಳಿದಷ್ಟಕ್ಕೆ ಮಾತ್ರ ಹೇಳಿದರು. ‘ಎಲೆಮರೆಯ ಕಾಯಿ’ ಬರಲೇ ಇಲ್ಲ.

ಮನೆಕೆಲಸ: ಮನೆಯಲ್ಲಿ ಕೇಳುವ ಯಾವುದಾದರೂ ಒಂದು ಕನ್ನಡ ಹಾಡಿನಲ್ಲಿ ಹಾಡುವವರು ಸುಮ್ಮನಿರುವಾಗ ಏನು ಕೇಳುತ್ತದೆ ಎಂದು ಐದು ವಾಕ್ಯ ಬರೆಯಿರಿ, ಅದನ್ನು ನುಡಿಸಿದವರ ಹೆಸರು ಸಿಗುತ್ತದೆಯೇ ಹುಡುಕಿರಿ. ಮರುದಿನ ಮೂವತ್ತೊಂದು ಪುಸ್ತಕಗಳು ಬಂದವು. ಗಾಯಕರು, ಸಾಹಿತ್ಯ, ಸಂಗೀತ ನಿರ್ದೇಶಕರು, ಎಲ್ಲರ ಹೆಸರೂ ಸಿಕ್ಕಿದ್ದವು. ನುಡಿಸಿದವರ ಹೆಸರು ಒಬ್ಬರಿಗೂ ಸಿಕ್ಕಿರಲಿಲ್ಲ. ಒಬ್ಬಳು ಮಾತ್ರ ಹಾಡನ್ನು ಬಿಟ್ಟು ತನ್ನ ಸೋದರಮಾವನ ಬಗ್ಗೆ ಬರೆದಿದ್ದಳು. ಅವರು ಜಾತ್ರೆಯಲ್ಲಿ ಡೊಳ್ಳು ಬಾರಿಸುತ್ತಾರೆ, ಕರಪತ್ರದಲ್ಲಿ ತಂಡದ ಹೆಸರಿದೆ, ಮಾವನ ಹೆಸರಿಲ್ಲ, ಆದರೆ ಅವರು ಬಾರಿಸುವುದು ದೂರದಿಂದ ಕೇಳಿದರೂ ತನಗೆ ಗೊತ್ತಾಗುತ್ತದೆ ಎಂದು. ಹೇಗೆ ಗೊತ್ತಾಗುತ್ತದೆ ಎಂದು ಪ್ರಶಿಕ್ಷಣಾರ್ಥಿ ಕೆಂಪು ಶಾಯಿಯಲ್ಲಿ ಕೇಳಿದ್ದರು. ‘ಕೊನೆಗೆ ಒಂದು ಏಟು ತಡವಾಗಿ ಹಾಕ್ತಾರೆ’ ಎಂದು ಕೆಳಗೆ ಉತ್ತರ.

ಅಂಕದ ವಿಚಾರ

ನಮ್ಮ ಅವಲೋಕನ ಪತ್ರದಲ್ಲಿ ‘ಧ್ವನಿಯ ಸ್ಪಷ್ಟತೆ ಮತ್ತು ಏರಿಳಿತ’ಕ್ಕೆ ಐದು ಅಂಕ. ಪಾಠದ ನಡುವೆಯೇ ನಾನು 2 ಎಂದು ಬರೆದಿದ್ದೆ. ಪಾಠ ಮುಗಿದ ಮೇಲೆ ಆ ಅಂಕಿಯನ್ನು ನೋಡುತ್ತ ಕುಳಿತೆ. ಹಿಮ್ಮಾಹಿತಿಯ ಸಭೆಯಲ್ಲಿ ಸಹಪಾಠಿಯೊಬ್ಬರು, ‘ಸರ್, ಅವರು ಜೋರಾಗಿ ಮಾತಾಡಿದ್ರೆ ಮಕ್ಕಳು ಅವರನ್ನ ಕೇಳ್ತಿದ್ರು, ಪಿಯಾನೊನ ಅಲ್ಲ’ ಎಂದರು. ಹಾಗೆಂದು ಐದು ಕೊಡಲು ಸಾಧ್ಯವೇ? ಕೊನೆಯ ಎರಡು ಬೆಂಚಿಗೆ ಮನೆಕೆಲಸದ ಸೂಚನೆ ನಿಜಕ್ಕೂ ಕೇಳಿಸಿರಲಿಲ್ಲ, ಮಕ್ಕಳು ಮುಂದಿನವರನ್ನು ಕೇಳಿ ಬರೆದುಕೊಂಡರು. ಅದು ಕೊರತೆಯೇ. ಪ್ರಶಿಕ್ಷಣಾರ್ಥಿಯೇ ಮೊದಲು ಅದನ್ನು ಒಪ್ಪಿಕೊಂಡರು. ಹಾಪ್ಕಿನ್ಸ್‌ರ ಕಂಠ ತೆಳ್ಳಗಿದೆ ಎಂದು ಮೇಲೆ ನಾನೇ ಬರೆದಿದ್ದೇನೆ, ಅದನ್ನು ಹಿಂದೆಗೆದುಕೊಳ್ಳುವುದಿಲ್ಲ. ಪಾಠ ಚೆನ್ನಾಗಿ ಆಯಿತೆಂಬ ಖುಷಿಯಲ್ಲಿ ಈ ಅಂಕ ಏರಿಸಿದರೆ, ಮೊದಲ ವರ್ಷದ ಮಕ್ಕಳು ‘ತುಂಬಾ ಚೆನ್ನಾಗಿತ್ತು’ ಎಂದದ್ದಕ್ಕೂ ನನ್ನ ಅಂಕಕ್ಕೂ ವ್ಯತ್ಯಾಸವೇನು?

ಅಂಕ 2 ಹಾಗೆಯೇ ಉಳಿಯಿತು. ನನ್ನನ್ನು ಕಾಡಿದ್ದು ಬೇರೆ. ಆ ಪಾಠದಲ್ಲಿ ಅವರು ಮಾಡಿದ ಉತ್ತಮ ಕೆಲಸಗಳು, ಅಂದರೆ ತಿದ್ದದೆ ಬರೆದುಕೊಂಡದ್ದು, ಗದರಿಸುವ ಬದಲು ಹತ್ತಿರ ಹೋಗಿ ಕೇಳಿದ್ದು, ವಾದದ ನಡುವೆ ಬಾಯಿ ಹಾಕದಿದ್ದದ್ದು, ಇವುಗಳಿಗೆ ಅಂಕ ಹಾಕಲು ನಮ್ಮ ಪತ್ರದಲ್ಲಿ ಜಾಗವೇ ಇರಲಿಲ್ಲ. ಪತ್ರದಲ್ಲಿರುವ ಅಂಶಗಳೆಲ್ಲ ಶಿಕ್ಷಕರು ಏನು ಹೇಳಿದರು, ಏನು ತೋರಿಸಿದರು, ಏನು ಬರೆದರು ಎಂಬುದನ್ನು ಎಣಿಸುತ್ತವೆ. ಚಾರ್ಟು ಬರೆದುಕೊಟ್ಟವರ ಹೆಸರಿಗೂ ಅದರಲ್ಲಿ ಗೆರೆಯಿಲ್ಲ.

ಪತ್ರವನ್ನು ಬದಲಿಸುವುದು ನನ್ನೊಬ್ಬನ ಕೈಯಲ್ಲಿಲ್ಲ. ಈ ಸಾಲಿನ ಅಭ್ಯಾಸ ಬೋಧನೆಗೆ ಹೊರಡುವ ಮುನ್ನ ನನ್ನ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಕಾಲಂ ಎಳೆದುಕೊಂಡಿದ್ದೇನೆ: ‘ಶಿಕ್ಷಕರು ಸುಮ್ಮನಿದ್ದು ಮಕ್ಕಳು ಕೆಲಸ ಮಾಡಿದ ನಿಮಿಷಗಳು’. ಇದುವರೆಗೆ ನೋಡಿದ ಏಳು ಪಾಠಗಳಲ್ಲಿ ಆರಕ್ಕೆ ಸೊನ್ನೆ ಬರೆದಿದ್ದೇನೆ. ಏಳನೆಯದು ಗಣಿತದ ಪಾಠ, ನಾಲ್ಕು ನಿಮಿಷ. ಅಲ್ಲಿ ಸೀಮೆಸುಣ್ಣ ಮುಗಿದು ಪ್ರಶಿಕ್ಷಣಾರ್ಥಿ ಕಚೇರಿಗೆ ಹೋಗಿದ್ದರು.